ಎದುರು ಗಾಡಿಗೆ ಒಂದು ಬೆರಳು

ಅಮೆರಿಕದ ನೆಬ್ರಾಸ್ಕಾದ ನಮ್ಮ ಕೌಂಟಿಗೆ, ಅಂದರೆ ಜಿಲ್ಲೆಗೆ, ಇರುವುದು ಒಬ್ಬರೇ ಜಡ್ಜು, ನಾರ್ಮಾ ಬ್ಲೆಖಾ. ಬೆಳಿಗ್ಗೆ ಕಪ್ಪು ಗೌನು ತೊಟ್ಟು ಮೇಲೆ ಕೂತು ಬೇಲಿ ಜಗಳ, ಉಯಿಲು, ವೇಗದ ದಂಡ ಎಲ್ಲ ಮುಗಿಸುತ್ತಾರೆ. ಊಟವಾದ ಮೇಲೆ ಗೌನನ್ನು ಗೂಟಕ್ಕೆ ತಗುಲಿಹಾಕಿ, ಕೆಳಗಿಳಿದು, ಮಕ್ಕಳ ಜೊತೆ ಮೇಜಿಗೆ ಕೂರುತ್ತಾರೆ. ಅದೇ ಕೋಣೆ ಬಾಲನ್ಯಾಯಾಲಯವಾಗುತ್ತದೆ. ಬಾಗಿಲು ಕಾಯುವವನು ನಾನು. ದೊಡ್ಡ ಊರಿನ ನ್ಯಾಯಾಧೀಶರು ಕಂಡರೆ ನಗಬಹುದು, ನಗಲಿ, ನಮಗೇನು.

ಆ ಮಂಗಳವಾರ ಮೇಜಿನ ಮುಂದೆ ಕೋರಿನ್ ಹಾವೆಲ್ಕಾ ಕೂತಿದ್ದಳು. ಹದಿನೈದರ ಹುಡುಗಿ. ತಂದೆತಾಯಿ ಇಲ್ಲ, ಸಾಕಿದವನು ಅವಳ ಪಕ್ಕದಲ್ಲೇ ಕೂತಿದ್ದ ತಾತ ಎಮಿಲ್. ನಮ್ಮ ಕಾನೂನಿನಲ್ಲಿ ಆ ವಯಸ್ಸಿನವರು ಗಾಡಿ ಓಡಿಸಬಹುದಾದದ್ದು ಮನೆಗೂ ಶಾಲೆಗೂ ನಡುವೆ ಮಾತ್ರ. ಇವಳು ತಾತನ ಪಿಕಪ್ಪನ್ನು ಬೇರೆ ದಾರಿಯಲ್ಲಿ ಓಡಿಸಿ ಮತ್ತೆ ಮತ್ತೆ ಸಿಕ್ಕಿಬಿದ್ದಿದ್ದಳು.

"ಮುದುಕನ ಹಿಡಿತಕ್ಕೆ ಇವಳು ಸಿಗ್ತಿಲ್ಲ ಮೇಡಂ," ಎಂದರು ಸರ್ಕಾರಿ ವಕೀಲ ವೇಡ್. "ಲಿಂಕನ್ ಪಟ್ಟಣದಲ್ಲಿ ಇಂಥ ಮಕ್ಕಳನ್ನ ಸಾಕೋ ಒಂದು ಒಳ್ಳೆ ಮನೆ ನೋಡಿದೀವಿ. ಅಲ್ಲಿರಲಿ."

ಕೋರಿನ್ ಮುಖ ಬಿಳಿಚಿಕೊಂಡಿತು.

"ಎಲ್ಲಿಗಮ್ಮ ಹೋಗ್ತಿದ್ದೆ?" ಜಡ್ಜ್ ಕೇಳಿದರು.

"ಸುಮ್ನೆ. ಮಜಾಕ್ಕೆ."

"ಹಿಂದೆ ದನದ ಮೇವು ಹೇರ್ಕೊಂಡು ಮಜಾನಾ?"

"ನಂಗೆ ಅದೇ ಮಜಾ."

"ಭಾರಿ ಮಜಾ ಬಿಡು."

"ಬೈಬೇಡ ನಾರ್ಮಾ, ಇನ್ಮೇಲೆ ಗಾಡಿ ನಾನೇ ಓಡಿಸ್ತೀನಿ," ಎಂದು ಎಮಿಲ್ ಗುಡುಗಿದ.

"ಬೇಡ ತಾತ!" ಹುಡುಗಿ ಚೀರಿದಳು.

ಜಡ್ಜ್ ಇಬ್ಬರನ್ನೂ ನೋಡಿದರು. ಸ್ಟೀರಿಂಗ್ ಹಿಡಿದವರ ಹಾಗೆ ಎರಡೂ ಕೈ ಮುಂದೆ ಚಾಚಿ, ಎಮಿಲ್‌ನತ್ತ ತೋರುಬೆರಳೊಂದನ್ನು ಎತ್ತಿದರು.

ನಮ್ಮ ದಾರಿಗಳಲ್ಲಿ ಎದುರು ಗಾಡಿ ಬಂದರೆ ನಮಸ್ಕಾರದ ಬದಲು ಹಾಗೆ ಬೆರಳೆತ್ತಬೇಕು. ತಿರುಗಿ ಎತ್ತದವನು ಒಂದೋ ಪರವೂರಿನವನು, ಇಲ್ಲ ಸೊಕ್ಕಿನವನು. ವೇಡ್ ಬೆರಳು ತಾನಾಗಿ ಎದ್ದಿತು. ಬಾಗಿಲಲ್ಲಿ ನನ್ನದೂ ಎದ್ದಿತು. ಎಮಿಲ್ ಜಡ್ಜ್ ಮುಖದ ಕಡೆಗೇ ನೋಡುತ್ತ ಕೂತಿದ್ದ. ಅವನ ಕೈ ಅಲುಗಲಿಲ್ಲ.

ಇಡೀ ಕೌಂಟಿಯಲ್ಲಿ ಎಲ್ಲರಿಗಿಂತ ಮೊದಲು ಬೆರಳೆತ್ತುತ್ತಿದ್ದ ಮನುಷ್ಯ!

"ಯಾವಾಗಿಂದ ಕಾಣ್ತಿಲ್ಲ ಎಮಿಲ್?" ಜಡ್ಜ್ ಮೆಲ್ಲಗೆ ಕೇಳಿದರು.

ಎಮಿಲ್ ತಲೆ ತಗ್ಗಿಸಿದ. ಕೋರಿನ್ ಬಿಕ್ಕಿದಳು. "ತಾತ ಯಾರಿಗಾದ್ರೂ ಗುದ್ದಿಬಿಟ್ರೆ ಅಂತ ನಾನೇ ಹೋದೆ. ನಿಜ ಹೇಳಿದ್ರೆ ನಮ್ಮನ್ನ ಬೇರೆ ಮಾಡ್ತೀರಲ್ಲ."

"ಯಾರು ಮಾಡೋರು? ಮುದುಕನ್ನೇ ಹಿಡಿತದಲ್ಲಿ ಇಟ್ಟಿರೋ ಹುಡುಗಿ ನೀನು. ಇರು ನಿನ್ನ ಮನೇಲೇ. ಆದ್ರೆ ಹದಿನಾರು ತುಂಬೋವರೆಗೂ ಶಾಲೆ ದಾರಿ ಬಿಟ್ಟು ಬೇರೆ ದಾರಿ ಹಿಡಿದ್ರೆ ಕಿವಿ ಹಿಂಡ್ತೀನಿ. ವೇಡ್, ನೀನು ಶನಿವಾರ ಮೇವಿನಂಗಡಿಗೆ ಹೋಗೋದು ಇವರ ಗೇಟಿನ ಮುಂದೇನೇ ಅಲ್ವಾ? ಇವರ ಮೇವೂ ತಂದ್ಹಾಕು."

"ಮೇಡಂ, ಶಿಕ್ಷೆ ನಂಗಾ?"

"ಮೊದಲು ಆ ಬೆರಳು ಇಳಿಸು."

ವೇಡ್ ಬೆರಳು ಇಳಿಸಿದರು. ಎಮಿಲ್ ಜೇಬಿನಿಂದ ಪಿಕಪ್ಪಿನ ಬೀಗದಕೈ ತೆಗೆದು, ಮೇಜಿನ ಮೇಲೆ ತಡವಿ ಮೊಮ್ಮಗಳ ಕೈ ಹುಡುಕಿ, ಅದರಲ್ಲಿಟ್ಟ.

ಮುಂದಿನ ಬೇಸಿಗೆಯಲ್ಲಿ ಆ ಪಿಕಪ್ಪು ನನಗೆ ಎದುರಾಯಿತು. ಹದಿನಾರು ತುಂಬಿದ ಕೋರಿನ್ ಓಡಿಸುತ್ತಿದ್ದಳು. ನನ್ನನ್ನು ಕಂಡು ಪಕ್ಕದಲ್ಲಿ ಕೂತ ತಾತನಿಗೆ ಏನೋ ಹೇಳಿದಳು. ಎಮಿಲ್ ಥಟ್ಟನೆ ಬೆರಳೆತ್ತಿದ, ನನ್ನ ಕಡೆಗಲ್ಲ, ಜೋಳದ ಹೊಲದ ಕಡೆಗೆ. ನಾನೂ ತಿರುಗಿ ಎತ್ತಿದೆ.