ಉಮ್ಮನ ಹೆಸರಿನ ಮನೆ

ಆ ಕಾಡುಕೋಣದ ತಲೆಬುರುಡೆಯನ್ನು ಗೋಡೆಗೆ ಏರಿಸುವ ದಿನವೇ ನಾನು ಬೇಡ ಎಂದಿದ್ದೆ. ನನ್ನ ಮಾತು ಯಾರಿಗೆ ಬೇಕು? "ನಿನಗೆ ಎಲ್ಲದಕ್ಕೂ ಹೆದರಿಕೆ ಶಹಲಾ," ಎಂದು ನನ್ನ ಗಂಡ ಇರ್ಷಾದ್ ನಕ್ಕುಬಿಟ್ಟರು.

ದುಬೈಯಿಂದ ರಜೆಗೆ ಬಂದವರು ಸುಮ್ಮನೆ ಮನೆಯಲ್ಲಿ ಕೂರಬೇಕೋ ಬೇಡವೋ? ಬಂಟ್ವಾಳದ ಗೆಳೆಯ ಅಸ್ಕರನ ಜೊತೆ ಚಾರ್ಮಾಡಿಯ ಕಾಡಿಗೆ ಹೋಗಿ, ಅವನ ತೋಟದ ಕೋವಿಯಲ್ಲಿ ಒಂದು ಕಾಡುಕೋಣವನ್ನು ಹೊಡೆದರು. ಅಷ್ಟು ದೊಡ್ಡ ಜೀವವನ್ನು ಅಲ್ಲೇ ಕೊಳೆಯಲು ಬಿಟ್ಟು, ಕೊಂಬಿನ ಸಮೇತ ತಲೆ ಮಾತ್ರ ಕಡಿದು ತಂದರು. ಬಿಸ್ಮಿಲ್ಲಾ ಹೇಳದೆ ಒಂದು ಕೋಳಿಯನ್ನೂ ಕೊಯ್ಯದ ಮನೆ ನಮ್ಮದು. ಇದು ತಿನ್ನಲಿಕ್ಕೂ ಅಲ್ಲ, ಬಂದವರಿಗೆ ತೋರಿಸಲಿಕ್ಕೆ ಕೊಂದದ್ದು! ಅದರ ಕೆಳಗೆ ಕುಳಿತು ಚಹಾ ಕುಡಿಯಲೂ ನನಗೆ ಹೇಸಿಗೆಯಾಗುತ್ತಿತ್ತು.

ಸಾಲದ್ದಕ್ಕೆ ಅದರ ಮುಂದೆ ನಿಂತು ಫೋಟೋ ತೆಗೆಸಿ ಸ್ಟೇಟಸ್ ಹಾಕಿದರು. ಯಾರೋ ಪುಣ್ಯಾತ್ಮರು ಅದನ್ನು ಅರಣ್ಯ ಇಲಾಖೆಗೆ ಕಳಿಸಿದರು. "ನಿಮ್ಮಲ್ಲಿಗೂ ಬರ್ತಾರೆ" ಎಂದು ಅಸ್ಕರ್ ಬೆಳಿಗ್ಗೆ ಫೋನ್ ಮಾಡಿದ ಮೇಲೆ ಇವರು ಕೂತಲ್ಲಿ ಕೂರಲಿಲ್ಲ. ಗೇಟಿಗೆ ಹೋದರು, ಒಳಗೆ ಬಂದರು, ನೀರು ಕುಡಿದರು, ಮತ್ತೆ ಗೇಟಿಗೆ ಹೋದರು. ಬರುವ ವಾರ ದುಬೈಗೆ ಹಿಂದಿರುಗದಿದ್ದರೆ ಕೆಲಸವೇ ಹೋಗುತ್ತದೆ. ಅವರ ಹಿಂದೆ ಹಿಂದೆ ನಾನೂ ಸುತ್ತಿದೆ. ಹೊರಗೆ ಬೈಕ್ ಸದ್ದಾದರೂ ಇಬ್ಬರೂ ಕಿಟಕಿಗೆ ಓಡುತ್ತಿದ್ದೆವು.

"ಬಾಪನದ್ದು ಅಂತ ಹೇಳುವ," ಎಂದರು ಕೊನೆಗೆ. "ಸತ್ತವರ ಮೇಲೆ ಕೇಸು ಹಾಕ್ಲಿಕ್ಕೆ ಆಗ್ತದಾ?"

ಶಿರ್ತಾಡಿ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡೇ ಆಯುಷ್ಯ ಕಳೆದ ಇವರ ಬಾಪ, ನನ್ನ ಮಾವ, ಕೋವಿ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಅತ್ತೆ ಮೈಮೂನಮ್ಮ, ನಾವೆಲ್ಲ ಉಮ್ಮ ಎನ್ನುವವರು, ಒಂದು ಗಳಿಗೆ ಮಗನ ಮುಖ ನೋಡಿ ಹೂಂ ಎಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು, ಆದರೂ ಬಾಯಿ ಮುಚ್ಚಿಕೊಂಡೆ.

ಮಧ್ಯಾಹ್ನ ಜೀಪು ಬಂತು. ಅಧಿಕಾರಿ ವಿಸ್ಮಿತಾ ಎಂಬ ಹುಡುಗಿ, ಮೆಲುದನಿಯವಳು.

"ಬಾಪನ ಕಾಲದ್ದು ಮೇಡಂ, ಅವರು ತೀರಿ ಹೋಗಿದ್ದಾರೆ," ಎಂದರು ಇರ್ಷಾದ್.

"ಸರಕಾರದ ಪ್ರಮಾಣಪತ್ರ ಉಂಟಾ?"

"ಇಲ್ಲ."

"ಹಾಗಾದರೆ ಹಳೆಯದಾದರೂ ಇಟ್ಟುಕೊಳ್ಳುವುದೇ ಅಪರಾಧ. ಸತ್ತವರನ್ನು ಬಿಡಿ, ಈಗ ಇಟ್ಟುಕೊಂಡದ್ದು ಯಾರು? ಈ ಮನೆ ಯಾರ ಹೆಸರಲ್ಲಿ ಉಂಟು?"

ಅಯ್ಯೋ ಅಲ್ಲಾಹ್! ಗಲ್ಫಿಗೆ ಹೋದ ಮಗ ಮೊದಲ ಮನೆಯನ್ನು ತಾಯಿಯ ಹೆಸರಿಗೇ ಮಾಡಿಸುವುದು ನಮ್ಮ ಕುಟುಂಬದ ವಾಡಿಕೆ. ಇರ್ಷಾದ್ ಕೂಡ ಹಾಗೇ ಮಾಡಿ ಊರಿಡೀ ಹೊಗಳಿಸಿಕೊಂಡಿದ್ದರು.

"ನನ್ನ ಹೆಸರಲ್ಲಿ," ಎಂದರು ಉಮ್ಮ. "ಆ ಕೊಂಬೂ ನನ್ನದೇ. ಎಲ್ಲಿಗೆ ಬರಬೇಕು?"

"ಅಮ್ಮಾ, ಇದು ಕಾಡುಕೋಣ. ಶಿಕ್ಷೆ ಆದರೆ ಮೂರು ವರ್ಷಕ್ಕಿಂತ ಕಡಿಮೆ ಇಲ್ಲ."

"ಆಗ್ಲಿ. ಇವನಿಗೆ ಬರುವ ವಾರ ದುಬೈಗೆ ಹೋಗ್ಲಿಕ್ಕೆ ಉಂಟು."

ನಾನು ಇರ್ಷಾದರನ್ನೇ ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ನೆಲ ನೋಡುತ್ತಿದ್ದರು. ಉಮ್ಮ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡು, ಗೋಡೆ ಹಿಡಿದು, ಬಾಗಿಲ ಹೊರಗೆ ಚಪ್ಪಲಿ ಹುಡುಕತೊಡಗಿದರು. ಆಗಲೂ ಆ ಗಂಡಸು ತಲೆ ಎತ್ತಲಿಲ್ಲ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

"ಹೊಡೆದದ್ದು ಇವರು ಮೇಡಂ," ಎಂದೆ. "ಮಾವನೂ ಅಲ್ಲ, ಉಮ್ಮನೂ ಅಲ್ಲ. ಅಸ್ಕರನ ಕೋವಿಯಲ್ಲಿ ಇವರೇ ಹೊಡೆದದ್ದು."

"ನಿನ್ನ ಬಾಯಿಗೆ ಬೆಂಕಿ ಬೀಳ!" ಎಂದು ಉಮ್ಮ ಕಿರುಚಿದರು. ನನ್ನ ಭುಜ ಹಿಡಿದು ಜಗ್ಗಿದರು.

ಇರ್ಷಾದ್ ಜೀಪು ಹತ್ತುವಾಗ ತಿರುಗಿದರು. "ಉಮ್ಮಾ, ನಾನೇ ಹೇಳುವವನಿದ್ದೆ. ಅಷ್ಟರಲ್ಲಿ ಇವಳು ಬಾಯಿ ಹಾಕಿದಳು."

ಉಮ್ಮ ಅದನ್ನು ನಂಬಿದರು. ಇವರ ಜಾಮೀನಿಗೆ ನಾನು ಬೆಳ್ತಂಗಡಿ, ಮೂಡುಬಿದಿರೆ ಎಂದು ವಕೀಲರ ಹಿಂದೆ ಅಲೆಯುತ್ತಿದ್ದೇನೆ. ಬಸ್ಸಿನಲ್ಲಿ ಕುಳಿತಾಗಲೆಲ್ಲ ಆ ಮಾತನ್ನು ನಾನೂ ನಂಬಲು ನೋಡುತ್ತೇನೆ. ಆಗುತ್ತಿಲ್ಲ.