ಜಟ್ಟೆಮ್ಮನ ಮರೆವು

"ಸೊಸೆ ಎಲ್ಲವ್ಳಮ್ಮಾ? ಮೊದಲ ಬಿಂದಿಗೆ ಸೊಸೆಯೇ ಹುಯ್ಬೇಕು!" ಎಂದು ಹೆಂಗಸರು ಕೂಗಿದಾಗ ಧನುಶ್ರೀ ಸೆರಗು ಸಿಕ್ಕಿಸಿಕೊಂಡು ಮುಂದೆ ಹೊರಟಿದ್ದಳು. ಹಿಂದಿನಿಂದ ಸೋದರಮಾವ ಬೈಲಪ್ಪ ಅವಳ ರಟ್ಟೆ ಹಿಡಿದು ನಿಲ್ಲಿಸಿದ.

"ನೀರು ಹುಯ್ಯಿ, ಅಳು, ಬೇಡ ಅನ್ನಲ್ಲ. ಬಾಯಿ ಮಾತ್ರ ಬಿಡ್ಬೇಡ," ಎಂದು ಕಿವಿಯಲ್ಲಿ ಹೇಳಿದ. "ಮುಂದಿನ ವಾರ ಕೋರ್ಟಲ್ಲಿ ನಿನ್ನ ಸಾಕ್ಷಿ ಐತೆ. ಅತ್ತೆ ಚುರುಕಾಗಿದ್ಲು, ನೋಟೀಸು ಇಸ್ಕೊಂಡು ಮಗನ ಕೈಗೇ ಕೊಟ್ಟವ್ಳೆ. ನಮ್ದು ಇಷ್ಟೇ ಮಾತು. ಇಲ್ಲಿ ಯಾರಾದ್ರೂ 'ಪಾಪ, ಮರೆವು' ಅಂದಾಗ ತಲೆ ಆಡಿಸಿದ್ಯೋ, ಮಗೂ ಅನ್ನಕ್ಕೆ ನೀನೇ ಮಣ್ಣು ಹಾಕ್ದಂಗೆ."

ಹೆಣ ಕಾಯುತ್ತಿದೆ, ಈ ಮನುಷ್ಯನಿಗೆ ಕೋರ್ಟಿನ ಚಿಂತೆ. ಆದರೆ ಬೈದು ಬಿಡುವ ಹಾಗೂ ಇರಲಿಲ್ಲ. ಹೊಸ ತಿಪ್ಪಸಂದ್ರದ ತನ್ನ ಎರಡು ಕೋಣೆಯಲ್ಲಿ ಒಂದನ್ನು ಅವಳಿಗೂ ಮಗಳಿಗೂ ಬಿಟ್ಟುಕೊಟ್ಟವನು ಅವನೇ. ಧನುಶ್ರೀ ರಟ್ಟೆ ಬಿಡಿಸಿಕೊಂಡು ಹೋಗಿ ಬಿಂದಿಗೆ ಎತ್ತಿದಳು.

ಮಣೆಯ ಮೇಲೆ ಗೋಡೆಗೆ ಒರಗಿಸಿದ್ದ ಅತ್ತೆ ಜಟ್ಟೆಮ್ಮ ನೀರು ಬಿದ್ದಾಗ ಒಂದಿಷ್ಟು ವಾಲಿದಳು. ಕೃಷ್ಣರಾಜಪುರದ ಸಂತೆಯಲ್ಲಿ ಆಯಸ್ಸೆಲ್ಲ ಸೊಪ್ಪು ಮಾರಿದ ಹೆಂಗಸು. ಯಾರ ಮನೆಯ ಬಾಣಂತಿಗೆ ಸಬ್ಬಸಿಗೆ ಬೇಕು, ಯಾರ ಮಗುವಿಗೆ ಬಸಳೆ ಒಗ್ಗುವುದಿಲ್ಲ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಅಂಥವಳಿಗೆ ಬಂತಂತೆ ಮರೆವು! ಈಗ ಸುತ್ತ ನಿಂತವರೆಲ್ಲ ಅದನ್ನೇ ಮಾತಾಡಿಕೊಳ್ಳುತ್ತಿದ್ದರು.

"ನಿನ್ನೆ ಮಧ್ಯಾಹ್ನ ಕಿಟಕಿಯಿಂದ ಕೂಗಿದ್ಲು ಕಣ್ರೇ, ನಾಗರತ್ನಾ, ಎದೆ ನೋಯ್ತದೆ ಅಂತ," ಎದುರು ಮನೆಯ ನಾಗರತ್ನಾ ಮೂಗು ಒರೆಸಿಕೊಂಡಳು. "ಬಾಗಿಲಿಗೆ ಬೀಗ. ಮಾತ್ರೆ ನುಂಗಿದ್ದು ಮರೆತು ಮತ್ತೆ ಕೇಳ್ತಾವ್ಳೆ ಅಂದ್ಕೊಂಡು ಸುಮ್ನಾದೆ. ನನ್ನ ಹೊಟ್ಟೆ ಉರೀತದೆ."

ಧನುಶ್ರೀಯ ಗಂಡ ಮುನಿರಾಜು ಜಗಲಿಯಲ್ಲಿ ಕುಸಿದು ಕುಳಿತಿದ್ದ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಗೆ ಬೆಳಗ್ಗೆ ಹೋದರೆ ಕತ್ತಲಾದ ಮೇಲೇ ವಾಪಸು ಬರುವವನು. "ನಂಗೂ ಬೆಳಗ್ಗೆನೇ ಹೇಳಿದ್ಲು. ಹಳೇದೇ ಹೇಳ್ತಾವ್ಳೆ ಅಂತ ಬೀಗ ಹಾಕ್ಕೊಂಡು ಹೋದೆ. ಹಾಕ್ಬಾರ್ದಿತ್ತು."

"ಹಾಕ್ದೆ ಏನ್ಮಾಡ್ತಿದ್ದೆ, ಬಿಡೋ. ಬುದ್ಧಿ ಇಲ್ದೋರು ರೋಡಿಗೆ ಹೋಗಿ ಲಾರಿಗೆ ಸಿಕ್ಕಿದ್ರೆ?" ಎಂದರು ಯಾರೋ ಹಿರಿಯರು.

ಧನುಶ್ರೀ ಖಾಲಿ ಬಿಂದಿಗೆ ಕೆಳಗಿಟ್ಟಳು. ಅವಳಿಗೆ ಅಳು ಬರಲಿಲ್ಲ, ಹೇಸಿಗೆಯಾಯಿತು. ಬೇರೆ ಯಾರ ಮೇಲೂ ಅಲ್ಲ, ತನ್ನ ಮೇಲೇ.

*

ಕುಡಿದ ಅಮಲಿನಲ್ಲಿ ಮುನಿರಾಜು ಅವಳನ್ನೂ ಮಗಳನ್ನೂ ಹೊರಗೆ ಹಾಕಿದವನು, ಅಮಲು ಇಳಿದ ಮೇಲೂ ಕರೆಯಲು ಬಂದಿರಲಿಲ್ಲ. ಬೈಲಪ್ಪ ಜೀವನಾಂಶಕ್ಕೆ ಕೇಸು ಹಾಕಿಸಿದ. ಮುನಿರಾಜು ಒಂದು ಸಲವೂ ಕೋರ್ಟಿಗೆ ಬರಲಿಲ್ಲ. ಅವನಿಲ್ಲದೆಯೇ ತೀರ್ಪಾಯಿತು. ತಿಂಗಳು ತಿಂಗಳು ದುಡ್ಡು ಕೊಡಬೇಕೆಂದು ಆದೇಶ ಬಂತು.

ಆ ಸಂತೋಷ ಹಂಚಿಕೊಳ್ಳಲು ಅವಳು ಸಂತೆಗೆ ಓಡಿದ್ದು ಅತ್ತೆಯ ಹತ್ತಿರಕ್ಕೇ. ಜಟ್ಟೆಮ್ಮ ದಂಟಿನ ಕಟ್ಟಿಗೆ ನೀರು ಚಿಮುಕಿಸುತ್ತಾ ನಕ್ಕಳು.

"ಅವ್ನು ಎಲ್ಲಿಂದ ಬರ್ತಾನೆ? ಕೋರ್ಟಿನ ಅಮೀನ ಬಂದು ನೋಟೀಸು ಕೊಟ್ಟ, ನಾನೇ ಸೈನು ಹಾಕಿ ಇಸ್ಕೊಂಡೆ. ಹಂಡೆ ಒಲೆಗೆ ಹಾಕ್ದೆ."

"ಅಯ್ಯೋ ಅತ್ತೆ!"

"ಏನ್ ಅಯ್ಯೋ? ಗೊತ್ತಾಗಿದ್ರೆ ಲಾಯರ್ ಇಟ್ಟು ನಿನ್ನ ಕೂದ್ಲು ನರೆಯೋಗಂಟ ಎಳೀತಿದ್ದ. ನನ್ನ ಮೊಮ್ಮಗಳು ಅಷ್ಟೊತ್ತು ಏನ್ ತಿನ್ಬೇಕು? ಕೇಳಿದ್ರೆ ಮರೆತೋಯ್ತು ಅಂತೀನಿ. ಮುದುಕಿ ಮರೆತ್ರೆ ಗಲ್ಲಿಗಾಕ್ತಾರಾ?"

ಗಲ್ಲಿಗೇನೋ ಹಾಕಲಿಲ್ಲ. ಸಂಬಳ ಹಿಡಿಯಲು ಅಂಗಡಿಗೆ ಪತ್ರ ಬಂದಾಗ ಮುನಿರಾಜು ಮನೆಗೆ ಬಂದು ಎಗರಾಡಿದ. ತಾಯಿ "ಮರೆತೋಯ್ತು ಕಣೋ" ಎಂದಳು. ಅವನ ಲಾಯರು ಅದೇ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ತಾಯಿಗೆ ಮರೆವಿನ ಕಾಯಿಲೆ, ನೋಟೀಸು ನನ್ನ ಕೈ ಸೇರಲೇ ಇಲ್ಲ, ಆದ್ದರಿಂದ ಆದೇಶ ರದ್ದು ಮಾಡಿ ಎಂದು ಅರ್ಜಿ ಹೋಯಿತು. ಜಟ್ಟೆಮ್ಮ ಆಡಿದ ಒಂದು ಮಾತಿಗೆ ಹೊಂದುವಂತೆ ದಿನಾ ಬಾಳಬೇಕಾಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಗನನ್ನು ಅವನಪ್ಪನ ಹೆಸರಿನಿಂದ ಕರೆದಳು. ಅವನಿಗೆ ನಿಜಕ್ಕೂ ಭಯವಾಯಿತು. ಡಾಕ್ಟರ ಹತ್ತಿರ ಕರೆದೊಯ್ದ, ಸಂತೆ ಬಿಡಿಸಿದ, ಕೊನೆಗೆ ಬೀಗ ತಂದ.

*

ಧನುಶ್ರೀ ಒಮ್ಮೆ ಕಿಟಕಿಯ ಬಳಿ ಬಂದು ನಿಂತಿದ್ದಳು. ಸರಳಿನೊಳಗೆ ಅತ್ತೆಯ ಮುಖ ಸೊರಗಿಹೋಗಿತ್ತು.

"ಹೊರಗೆ ಬರೋಕಾಗಲ್ಲ ಕಣೇ. ಸಂತೇಲಿ ಇವತ್ತು ಮೆಂತ್ಯ ಹೆಂಗೈತೆ?"

"ಇನ್ನು ನನ್ ಕೈಲಾಗಲ್ಲ ಅತ್ತೆ. ನಾನು ಹೋಗಿ ಎಲ್ಲಾ ಹೇಳ್ಬಿಡ್ತೀನಿ."

"ಹೇಳಿದ್ರೆ ನನ್ನ ಹೆಣ ನೋಡ್ತೀಯ!" ಜಟ್ಟೆಮ್ಮ ಸರಳು ಹಿಡಿದು ಗದರಿದಳು. "ಕೋರ್ಟು ಮುಗೀಲಿ. ಆಮೇಲೆ ಒಂದಿನ ಎದ್ದು, ಎಲ್ಲಾ ಜ್ಞಾಪಕ ಬಂತು ಅಂತೀನಿ."

ಧನುಶ್ರೀ ಹೇಳಲಿಲ್ಲ. ಆಣೆಗೆ ಹೆದರಿ ಅಂತ ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಆದೇಶ ಕೈತಪ್ಪುತ್ತದೆಂಬ ಹೆದರಿಕೆಯೇ ಹೆಚ್ಚಾಗಿತ್ತು.

*

ಸುಡುಗಾಡಿನ ಅರ್ಧ ದಾರಿಯಲ್ಲಿ, ಹಳೇ ಮದ್ರಾಸು ರಸ್ತೆಯ ಪಕ್ಕದ ಅರಳಿಮರದ ಕೆಳಗೆ ಚಟ್ಟ ಇಳಿಸಿದರು. ಹೆಂಗಸರು ಅಲ್ಲಿಯವರೆಗೆ ಮಾತ್ರ ಬರುವುದು. ಜೀವ ಎಲ್ಲಾದರೂ ಅಡಗಿದ್ದರೆ ಎದ್ದುಬರಲಿ ಎಂದು ಹತ್ತಿರದವರು ಹೆಣದ ಕಿವಿಯಲ್ಲಿ ಕೊನೆಯ ಸಲ ಕೂಗುವ ಜಾಗ ಅದು. ಕೂಗು ಕೇಳಿಸಲೆಂದು ತಮಟೆ ನಿಲ್ಲಿಸಿದರು.

ಮುನಿರಾಜು ಮೊಣಕಾಲೂರಿ ಬಗ್ಗಿದ. ಮರೆವಿನವರ ಹತ್ತಿರ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಬೇಕೆಂದು ಡಾಕ್ಟರು ಹೇಳಿಕೊಟ್ಟಿದ್ದರಲ್ಲ, ಈಗಲೂ ಹಾಗೆಯೇ ಮಾತಾಡಿದ.

"ಅಮ್ಮಾ, ನಾನು ಮುನಿರಾಜು. ನಿನ್ನ ಮಗ. ಗೊತ್ತಾಯ್ತಾ? ಇದು ರೋಡು. ಎಲ್ರೂ ಇದೀವಿ, ಹೆದರ್ಕೋಬೇಡ."

ಧನುಶ್ರೀಗೆ ಎದೆ ಒಡೆದಂತಾಯಿತು. ಅತ್ತೆ ಚುರುಕಾಗಿದ್ದಳು ಎಂದರೆ, ಇವನು ಬುದ್ಧಿ ನೆಟ್ಟಗಿದ್ದ ತಾಯಿಯನ್ನು ಕೂಡಿಹಾಕಿ ಸಾಯಿಸಿದಂತೆ. ಮರೆವಿತ್ತು ಎಂದರೆ ಆದೇಶ ಹೋಯಿತು. ನೋಟೀಸು ಸುಟ್ಟದ್ದನ್ನು ಇದ್ದ ಹಾಗೆ ಹೇಳಿದರೂ ಹೋಯಿತು. ಯಾವ ಕಡೆ ತಿರುಗಿದರೂ ಗೋಡೆ.

"ಅತ್ತೆ ಅಂತ ಒಂದು ಕೂಗು ಕೂಗಿ ಬಂದ್ಬಿಡು, ಸಾಕು," ಎಂದು ಬೈಲಪ್ಪ ಹಿಂದಿನಿಂದ ಪಿಸುಗುಟ್ಟಿದ.

ಅವಳು ಬಗ್ಗಿದಳು. ಹತ್ತಿರದಿಂದ ಕಂಡ ಆ ಮುಖ ಅರಿಸಿನ ಬಳಿದುಕೊಂಡು ಏನೂ ಗೊತ್ತಿಲ್ಲದವಳಂತೆ ಮಲಗಿತ್ತು. ಸತ್ತ ಮೇಲೂ ಇದೇ ವೇಷವೇ, ತಾಯೀ?

"ಅತ್ತೆ, ಸಾಕು ಮಾಡಿ," ಎಂದಳು. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದಳು, ದನಿ ಎಲ್ಲರಿಗೂ ಕೇಳುವಷ್ಟು ಏರಿತು. "ಇನ್ನು ಮರೆತಂಗೆ ಆಡ್ಬೇಡಿ. ನೋಟೀಸು ಒಲೆಗೆ ಹಾಕಿದ್ದು ನನಗೋಸ್ಕರ ಅಂತ ನಾನೇ ಕೋರ್ಟಲ್ಲಿ ಹೇಳ್ತೀನಿ. ನಿಮಗೆ ಯಾವ ಮರೆವೂ ಇರ್ಲಿಲ್ಲ. ಎಲ್ಲಾ ಜ್ಞಾಪಕ ಇಟ್ಕೊಂಡೇ ಹೋಗಿ."

"ಕೆಟ್ವಲ್ಲೇ!" ಎಂದು ಬೈಲಪ್ಪ ತಲೆಯ ಮೇಲೆ ಕೈಹೊತ್ತ.

ಮುನಿರಾಜು ಎದ್ದು ನಿಂತಿದ್ದವನು ಅವಳ ಮುಖ ನೋಡಿದ. ಹೊಡೆಯುತ್ತಾನೆಂದು ಅವಳು ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ.

"ಹಂಗಾದ್ರೆ ಎದೆನೋವು ಅಂದಿದ್ದು..." ಎಂದ.

ನಾಗರತ್ನಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ರಸ್ತೆಯಲ್ಲಿ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು.

"ಎತ್ತಪ್ಪಾ ಮುನಿರಾಜು, ಹೊತ್ತಾಯ್ತು," ಎಂದರು ಹಿರಿಯರು.

ಅವನು ಚಟ್ಟ ಎತ್ತಲಿಲ್ಲ. ಮತ್ತೆ ಮೊಣಕಾಲೂರಿ ಕುಳಿತು, ಹಾರಗಳನ್ನು ಎರಡೂ ಕೈಯಿಂದ ಪಕ್ಕಕ್ಕೆ ಸರಿಸಿ, ತಾಯಿಯ ಬಾಯಿಗೆ ತನ್ನ ಕಿವಿಯಿಟ್ಟ.