ಗೋಡೆಯಿಂದ ಇಳಿದ ಚಂದ್ರಿಕೆ

ನಾನು ಒಂದು ಚಂದ್ರಿಕೆ. ಹೆಸರು ಕೇಳಿ ಯಾವುದೋ ಹುಡುಗಿ ಅಂದುಕೊಳ್ಳಬೇಡಿ! ರೇಷ್ಮೆಹುಳ ಗೂಡು ಕಟ್ಟುವುದು ನನ್ನ ಮೇಲೆ. ನಾನು ಹುಟ್ಟಿದ್ದು ಕನಕಪುರದ ಆಚೆ, ಮೇದರ ನಂಜಯ್ಯನ ಅಂಗಳದಲ್ಲಿ. ಅವನು ಬಿದಿರು ಸೀಳಿ, ಬಾಗಿಲಿನಷ್ಟು ಅಗಲದ ಚಾಪೆ ಹೆಣೆದು, ಅದರ ಮೇಲೆ ತೆಳ್ಳನೆಯ ಪಟ್ಟಿಯನ್ನು ಸುತ್ತುಸುತ್ತಾಗಿ ನಿಲ್ಲಿಸಿ ಕಟ್ಟಿದ. ನೋಡುವವರಿಗೆ ದೊಡ್ಡ ಜಿಲೇಬಿಯ ಹಾಗೆ ಕಾಣುತ್ತೇನೆ. ಆ ಸುತ್ತುಗಳ ಸಂದಿನಲ್ಲೇ ಹುಳ ಕೂತು ನೂಲು ಬಿಡುವುದು.

ನನ್ನನ್ನು ಕೊಂಡವರು ಚೆನ್ನಾಜಮ್ಮ. ಅವರದು ದೊಡ್ಡ ಹಿಪ್ಪುನೇರಳೆ ತೋಟ, ತೋಟದ ನಡುವೆ ಹುಳದ ಮನೆ. ಅಲ್ಲಿಗೆ ಅವರೇ ರಾಣಿ. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಕೈಕಾಲು ತೊಳೆದೇ ಒಳಗೆ ಬರಬೇಕು. ಹೂ ಮುಡಿದವರಿಗೆ, ಪೌಡರ್ ಹಾಕಿದವರಿಗೆ ಪ್ರವೇಶವಿಲ್ಲ. ಹುಳಕ್ಕೆ ವಾಸನೆ ಆಗದು. ಮಗ ಮರಿಸ್ವಾಮಿ ಹೊಸ ಮದುಮಗನಾಗಿ ಸೆಂಟು ಪೂಸಿಕೊಂಡು ಬಂದಾಗ ಅವನನ್ನೂ ಹೊರಗೇ ನಿಲ್ಲಿಸಿದ್ದರು!

ಬೆಳೆಯ ಮೇಲೆ ಬೆಳೆ ಬಂತು. ನನ್ನ ಮೈತುಂಬ ಎಷ್ಟು ಗೂಡು ಅರಳಿದವೋ! ಆಮೇಲೆ ನನ್ನದೇ ಕೆಲಸ ಮಾಡುವ ಪ್ಲಾಸ್ಟಿಕ್ ಬಲೆಗಳು ಬಂದವು. ಮಡಚಬಹುದು, ತೊಳೆಯಬಹುದು. ನಮ್ಮನ್ನೆಲ್ಲ ಅಟ್ಟಕ್ಕೆ ಏರಿಸಿಬಿಟ್ಟರು.

ಅಟ್ಟದಿಂದ ಇಳಿಸಿದ್ದು ಸೊಸೆ ರಂಜಿತಾ. ಹೊಸ ಹುಳದ ಮನೆ ಕಟ್ಟಿದ ಮೇಲೆ ಹಳೆಯದು ಖಾಲಿ ಬಿದ್ದಿತ್ತು. ಅದನ್ನು ಕಾಟೇಜ್ ಮಾಡಿ, ಗೋಡೆಗೆ ನಮ್ಮನ್ನು ಅಂದಕ್ಕೆ ನೇತುಹಾಕಿ, ರಜೆ ಕಳೆಯಲು ಬರುವವರಿಗೆ ಕೊಡಬೇಕು ಎಂದು ಅವಳಿಗೆ ಆಸೆ.

"ಹುಳ ಸಾಕೋ ತಾವ ಊರವ್ರನ್ನೆಲ್ಲ ಬುಟ್ಕತಾರೇನವ್ವ?" ಚೆನ್ನಾಜಮ್ಮ ಗುಡುಗಿದರು. "ಒಂದ್ಸಲ ನೋಡ್ತೀನಿ. ಬೆಳೆಗೇನಾರ ಆಯ್ತೋ, ನಿನ್ ಕಾಟೇಜ್ನಾಗೆ ಕುರಿ ಕಟ್ತೀನಿ."

"ಕಟ್ಟಿ ಅತ್ತೆ, ಕುರಿಗೂ ಫ್ಯಾನ್ ಹಾಕ್ಸಿರ್ತೀನಿ," ಎಂದಳು ರಂಜಿತಾ. ನಕ್ಕಳು ನಿಜ, ಆದರೆ ಬಳಿದ ಗೋಡೆಗೇ ಮತ್ತೆ ಸುಣ್ಣ ಬಳಿದಳು.

ಹೆಂಡತಿಗೆ ಸಹಾಯ ಮಾಡಲು ಮರಿಸ್ವಾಮಿಗೆ ಹುಮ್ಮಸ್ಸೋ ಹುಮ್ಮಸ್ಸು. ಅತಿಥಿಗಳು ಬರುವ ಹಿಂದಿನ ದಿನ ವಾರ್ನಿಷ್ ಡಬ್ಬಿ ತಂದು, "ಹೋಟ್ಲು ಥರ ಹೊಳೀಬೇಕು ಕಣೆ!" ಎಂದು ಚಂದ್ರಿಕೆಗಳಿಗೆಲ್ಲ ಬಳಿಯತೊಡಗಿದ. ಅರ್ಧ ಆಗುವಷ್ಟರಲ್ಲಿ ಡಬ್ಬಿ ಖಾಲಿ. ಹೊಳೆಯುವವರನ್ನು ಮುಂದಿನ ಕೋಣೆಯ ಗೋಡೆಗೆ ನೇತುಹಾಕಿದ. ಬಣ್ಣಗೆಟ್ಟ ನಮ್ಮನ್ನು ಹಿಂದಿನ ಕೋಣೆಯ ಗೋಡೆಗೆ. ನನಗೆ ಎಷ್ಟು ಅವಮಾನವಾಯಿತು ಗೊತ್ತಾ?

ಬೇಸಿಗೆ ರಜೆಗೆ ತುಮಕೂರಿನಿಂದ ನಾಲ್ವರು ಶಾಲಾ ಟೀಚರುಗಳು ಬಂದರು. ಮುಂದಾಳು ಶೈಲಜಾ ಮೇಡಂ. ಹೊಳೆಯುವ ಚಂದ್ರಿಕೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ನನ್ನ ಕಡೆ ಯಾರೂ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಚೆನ್ನಾಜಮ್ಮ ಓಡಿಬಂದರು. "ಹುಳ ಹಣ್ಣಾಗ್ಬುಟ್ಟವೆ ಕಣವ್ವ!"

ಹಣ್ಣಾಗುವುದು ಅಂದರೆ ಹುಳ ಸೊಪ್ಪು ಬಿಟ್ಟು, ಹಳದಿ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುವುದು. ಆಗ ತಡ ಮಾಡಿದರೆ ನೂಲು ಕಂಡಕಂಡಲ್ಲಿ ಹಾಳು. ಸೆಕೆಗೆ ಒಂದು ದಿನ ಮೊದಲೇ ಹಣ್ಣಾಗಿದ್ದವು. ಆಳುಗಳಿಗೆ ಹೇಳಿದ್ದು ನಾಳೆಗೆ. ಬೆಳೆ ಎಂದೂ ಇಲ್ಲದಷ್ಟು ಚೆನ್ನಾಗಿ ಬಂದು ಪ್ಲಾಸ್ಟಿಕ್ ಬಲೆಗಳೂ ಸಾಲದಾಗಿದ್ದವು.

"ಗೋಡೆ ಮ್ಯಾಗಿರವ್ನ ಇಳ್ಸಿ!"

ಹೊಳೆಯುವವರನ್ನು ಇಳಿಸಿದರು. ಚೆನ್ನಾಜಮ್ಮ ಒಂದು ಹುಳ ಬಿಟ್ಟರು. ಅದು ತಲೆ ಎತ್ತಿತು, ಮುದುಡಿತು, ಕೆಳಗೆ ಬಿತ್ತು. ಅವರು ಮೂಸಿ ನೋಡಿದರು.

"ಯಾವನ್ಲಾ ಇದುಕ್ಕೆ ವಾರ್ನಿಷ್ ಬಳ್ದೋನು?"

ಮರಿಸ್ವಾಮಿ ಕಂಬದ ಹಿಂದೆ ಸರಿದ. "ಅಂದವಾಗಿರ್ಲಿ ಅಂತ, ಅವ್ವಾ..."

"ಅಂದವಂತೆ! ನಿನ್ ಮೊಖಕ್ಕೆ ಬಳ್ಕೋಬೇಕಿತ್ತು."

ರಂಜಿತಾಗೆ ಒಂದೇ ಯೋಚನೆ: ಬೆಳೆಯೂ ಹೋಯಿತು, ಕಾಟೇಜೂ ಹೋಯಿತು. ಮರುಕ್ಷಣ ಸೆರಗು ಸಿಕ್ಕಿಸಿ ಹಿಂದಿನ ಕೋಣೆಗೆ ಓಡಿಬಂದು ನನ್ನನ್ನು ಎಳೆದಳು! ಅಂಗಳದಲ್ಲಿ ನನ್ನ ಮೇಲೆ ಹುಳ ಬಿಟ್ಟರು. ಅದು ತಲೆ ಆಡಿಸಿತು. ಕಾಲೂರಿತು. ಮೆಲ್ಲಗೆ ನಡೆದು ಸುತ್ತಿನ ಸಂದಿನಲ್ಲಿ ಕೂತೇಬಿಟ್ಟಿತು. ಆಹಾ, ಆ ಕಚಗುಳಿ! ಹಿಂದಿನ ಕೋಣೆಯವರನ್ನೆಲ್ಲ ಹೊರಗೆ ತಂದರು.

"ಹತ್ತುದ್ರೆ ಸಾಕಾ? ಸೊಪ್ಪಿನೊಳ್ಗಿಂದ ಹಣ್ಣುಹುಳ ಆರ್ಸೋರ್ ಯಾರು?" ಎಂದರು ಚೆನ್ನಾಜಮ್ಮ.

"ನಾವಿದೀವಲ್ಲಮ್ಮ," ಶೈಲಜಾ ಮೇಡಂ ಚಹಾ ಲೋಟ ಕೆಳಗಿಟ್ಟರು. "ಕಚ್ಚುತ್ತಾ?"

"ನಿಮ್ ಇಸ್ಕೂಲ್ ಐಕಳಷ್ಟು ಕಾಟ ಕೊಡಾಕಿಲ್ಲ ಬನ್ನಿ. ಮೊದ್ಲು ಆ ಮಲ್ಗೆ ಹೂವ ತಗ್ದಾಕಿ, ಮೊಖದ್ ಪೌಡರ್ ತೊಳೀರಿ."

ನಾಲ್ವರೂ ತೊಳೆದರು! ಮೊದಲ ಹುಳ ಮುಟ್ಟುವಾಗ ಒಬ್ಬರು ಕಿರುಚಿದರು. ಮಧ್ಯಾಹ್ನದ ಹೊತ್ತಿಗೆ ಅವರೇ "ರೀ, ಅದಿನ್ನೂ ಹಸಿರಿದೆ, ಬಿಡ್ರೀ!" ಎಂದು ಮರಿಸ್ವಾಮಿಯನ್ನು ಗದರುತ್ತಿದ್ದರು. ಸಂಜೆ ಆಗುವಷ್ಟರಲ್ಲಿ ಒಂದು ಹಣ್ಣುಹುಳವೂ ಸೊಪ್ಪಿನಲ್ಲಿ ಉಳಿಯಲಿಲ್ಲ.

ಎರಡು ದಿನಕ್ಕೆಂದು ಬಂದವರು ಗೂಡು ಬಿಡಿಸುವವರೆಗೂ ಉಳಿದರು. ನನ್ನ ಮೈ ಪೂರ್ತಿ ಗೂಡು, ಒಂದು ಸುತ್ತೂ ಖಾಲಿಯಿಲ್ಲ. ಚೆನ್ನಾಜಮ್ಮ ಒಂದು ಗೂಡು ಎತ್ತಿ ಒತ್ತಿ ನೋಡಿ, ಸೊಸೆಯ ಕೈಗಿಟ್ಟರು. "ಕಲ್ಲಿದ್ದಂಗೈತೆ, ಒಳ್ಳೆ ಗೂಡು. ಇವ್ರು ಮುಂದುಲ್ ಬೆಳೆಗೂ ಬತ್ತಾರಾ, ಕೇಳವ್ವ."

ಈಗ ನನಗೆ ವಯಸ್ಸಾಗಿದೆ. ಕಟ್ಟು ಸಡಿಲಿ ಎರಡು ಸುತ್ತು ಮುರಿದಿವೆ. ಹೊಸ ಹುಳದ ಮನೆಯ ಮೂಲೆಯಲ್ಲಿ ಒರಗಿರುತ್ತೇನೆ, ಹಣ್ಣುಹುಳದ ದಿನ ಮೊದಲು ಕರೆಯುವುದು ನನ್ನನ್ನೇ. ಚೆಂದ ಕಾಣುವುದಕ್ಕಿಂತ ಬೇಕಾಗುವುದು ದೊಡ್ಡದು, ನಾನಂತೂ ಎರಡನ್ನೂ ಹತ್ತಿರದಿಂದ ಕಂಡಿದ್ದೇನೆ. ಕಾಟೇಜಿಗೆ ಜನ ಈಗ ಹುಳ ಯಾವಾಗ ಹಣ್ಣಾಗುತ್ತದೆ ಎಂದು ಕೇಳಿಕೊಂಡೇ ಬರುತ್ತಾರೆ. ಫೋನ್ ಎತ್ತುವುದು ಚೆನ್ನಾಜಮ್ಮ. ಮೊನ್ನೆ ಯಾರೋ ಈಜುಕೊಳ ಇದೆಯಾ ಎಂದು ಕೇಳಿದರು.

"ಈಜೋದಿಲ್ಲ ಕಣವ್ವ, ಹುಳ ಆರ್ಸೋದೈತೆ," ಎಂದರು ಅವರು. "ಬನ್ನಿ, ಜಾಗ ಮಡಗಿರ್ತೀನಿ."